ಶ್ಯಾವಿಗೆ ಮಣೆಯ ಮೇಲಿನ ಇಂಗ್ಲಿಷ್

ಅಂಗಳ ಸಾರಿಸಿದ್ದು, ಎಮ್ಮೆಗೆ ಹಿಂಡಿ ನೆನೆಹಾಕಿದ್ದು, ಮುಂಜಾನೆ ಶಾಲೆಗೆ ಹೋಗಿ ಬಿಸಿಲೇರುವ ಮೊದಲೇ ಮನೆ ಸೇರಿದ್ದು, ಹುಣಸೆಹಣ್ಣಿನ ಬೀಜ ಬಿಡಿಸಿದ್ದು, ಮಾಳಿಗೆಯ ಮೇಲೆ ಹರವಿದ ಗೋಧಿಗೆ ಕಾಗೆ ಬಾರದಂತೆ ಕಾಯ್ದದ್ದು, ಬಾಗಿಲ ಮುಂದೆ ನೀರು ಚಿಮುಕಿಸಿ ಧೂಳು ಕೂರಿಸಿದ್ದು, ಮಧ್ಯಾಹ್ನ ಪಕ್ಕದ ಮನೆಯಿಂದ ಶ್ಯಾವಿಗೆ ಮಣೆ ಬಂದದ್ದು. ಆ ದಿನ ನನ್ನ ನೆನಪಿನಲ್ಲಿ ಇದೇ ಸಾಲಿನಲ್ಲಿದೆ. ಆಗೆಲ್ಲ ನಮ್ಮ ಬೇವೂರಿನಲ್ಲಿ ಹೋಳಿ ಹುಣ್ಣಿಮೆ ಕಳೆಯಿತೆಂದರೆ ಶಾಲೆ ಮುಂಜಾನೆಗೆ ಬದಲಾಗುತ್ತಿತ್ತು, ಮಧ್ಯಾಹ್ನವೆಲ್ಲ ನಮ್ಮದಾಗುತ್ತಿತ್ತು, ಮನೆಮನೆಯ ಪಡಸಾಲೆಯಲ್ಲಿ ಹಗ್ಗ ಕಟ್ಟಿ ಶ್ಯಾವಿಗೆ ತೂಗುಹಾಕುತ್ತಿದ್ದರು. ಹಸಿ ಹಿಟ್ಟಿನ ಆ ತಣ್ಣನೆಯ ವಾಸನೆ, ಹೊರಗಿನ ಸುಡುಗಾಳಿಯ ಜೊತೆ ಬೆರೆತು ಬರುವುದು, ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು.

ಮಣೆ ಎಂದರೆ ಈಗಿನ ಕೈಯಲ್ಲಿ ತಿರುಗಿಸುವ ಯಂತ್ರವಲ್ಲ. ಎರಡು ಮಾರುದ್ದದ ಜಾಲಿ ಹಲಗೆ, ಅದರ ನಡುವೆ ಒಂದು ತೂತು, ತೂತಿನ ತಳಕ್ಕೆ ಸಣ್ಣ ರಂಧ್ರಗಳ ಹಿತ್ತಾಳೆ ಬಿಲ್ಲೆ. ಮೇಲೊಂದು ಉದ್ದನೆಯ ತೊಲೆ. ತೂತಿಗೆ ಹಿಟ್ಟಿನ ಮುದ್ದೆ ತುಂಬಿ, ತೊಲೆಗೆ ಬಿಗಿದ ಗೂಟವನ್ನು ಅದರ ಮೇಲಿಟ್ಟು, ತೊಲೆಯ ತುದಿಗೆ ಒಬ್ಬರು ಕೂತು ನಿಧಾನ ಭಾರ ಬಿಟ್ಟರೆ ಕೆಳಗೆ ಎಳೆ ಎಳೆಯಾಗಿ ಶ್ಯಾವಿಗೆ ಇಳಿಯುತ್ತಿತ್ತು. ಕೆಳಗೆ ಕೂತವರು ಅದನ್ನು ಕೋಲಿನ ಮೇಲೆ ಹಿಡಿದು ಹಗ್ಗಕ್ಕೆ ಸಾಗಿಸಬೇಕು. ಭಾರ ಸಾಲದಿದ್ದರೆ ನಮ್ಮಂಥ ಮಕ್ಕಳನ್ನೂ ತೊಲೆಗೆ ಹತ್ತಿಸುತ್ತಿದ್ದರು. ಏರಿ ಇಳಿಯುವ ಆ ಆಟಕ್ಕಾಗಿ ನಾವು ಜಗಳಾಡುತ್ತಿದ್ದೆವು.

ಆ ಮಣೆ ನಮ್ಮದೂ ಹೌದು, ಪಕ್ಕದ ಮನೆಯ ಮಾಬವ್ವನದೂ ಹೌದು. ಎರಡೂ ಹಿತ್ತಲಿನ ನಡುವೆ ಇದ್ದ ಜಾಲಿಮರ ಒಂದು ಗಾಳಿಗೆ ಬಿದ್ದಾಗ ಅದರ ಬೊಡ್ಡೆಯಿಂದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮತ್ತು ಮಾಬವ್ವ ಕೂಡಿ ಮಾಡಿಸಿದ್ದು. ಆಯಿಗೆ ನಾಗರಪಂಚಮಿಗೆ, ಬಾಣಂತಿಯರಿಗೆ, ಬೀಗರಿಗೆ ಶ್ಯಾವಿಗೆ ಬೇಕು. ಮಾಬವ್ವನಿಗೆ ರಂಜಾನ್ ಹಬ್ಬದ ಮುಂಜಾನೆ ಹಾಲಿನಲ್ಲಿ ಹಾಕಲು ಬೇಕು. ಮಣೆ ಮಾಡಿಸಿದ ದಿನವೇ ಇಬ್ಬರೂ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಮಣೆ ಒಂಟಿಯಾಗಿ ಹೋಗಕೂಡದು. ಈ ಮನೆಯಿಂದ ಆ ಮನೆಗೆ ಹೋಗುವಾಗ ಈ ಮನೆಯ ಒಬ್ಬಾಕೆ ಅದರ ಸಂಗಡ ಹೋಗಿ, ಆ ಮನೆಯ ಶ್ಯಾವಿಗೆ ಮುಗಿಯುವವರೆಗೆ ತೊಲೆಯ ಮೇಲೆ ಕೂರಬೇಕು. ಅರಿಯದವರು ದಡಕ್ಕನೆ ಕೂತರೆ ಬಿಲ್ಲೆ ಕಿತ್ತು ಬರುತ್ತದೆ ಎಂಬುದು ಕಾರಣ. ಆಮೇಲೆ ಕಾರಣ ಯಾರೂ ಕೇಳಲಿಲ್ಲ, ಕಟ್ಟಳೆ ನಡೆಯಿತು.

ನನಗೆ ಬುದ್ಧಿ ಬರುವ ಹೊತ್ತಿಗೆ ಆಯಿ ಮತ್ತು ಮಾಬವ್ವ ಮಾತು ಬಿಟ್ಟಿದ್ದರು. ಅದಾದದ್ದೂ ಶ್ಯಾವಿಗೆಯಿಂದಲೇ. ಎರಡು ಮನೆಯ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಮ್ಮೆ ಎರಡೂ ಮನೆಯ ಶ್ಯಾವಿಗೆ ಅಲ್ಲೇ ಒಣಗುತ್ತಿದ್ದಾಗ ಆಯಿ ಯಾರನ್ನೋ ಮಣ್ಣು ಮಾಡುವುದಕ್ಕೆಂದು ಪಕ್ಕದೂರಿಗೆ ಹೋಗಿದ್ದಳು. ಅಡ್ಡಮಳೆ ಬಂತು. ಮಾಬವ್ವ ತನ್ನದನ್ನು ಒಳಗೆ ಹಾಕಿಕೊಂಡಳು, ನಮ್ಮದು ತೊಯ್ದು ಮುದ್ದೆಯಾಯಿತು. ಮರುದಿನ ಮಾಬವ್ವ ಬಂದು ಏನೂ ಹೇಳಲಿಲ್ಲ, ಮಗಳ ಕೈಯಲ್ಲಿ ಒಂದು ತಾಟು ತುಂಬ ತನ್ನ ಶ್ಯಾವಿಗೆ ಕಳಿಸಿದಳು. ನಮ್ಮ ಕಡೆ ಒಬ್ಬರ ಮನೆಯಿಂದ ಬಂದ ತಾಟನ್ನು ಬರಿದು ಮಾಡಿ ಕಳಿಸುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಾರೆ. ಆಯಿ ಆ ತಾಟನ್ನು ಮುಟ್ಟದೆ, ಬಂದ ಹಾಗೆಯೇ, ಬಂದ ಕೈಯಲ್ಲೇ ತಿರುಗಿ ಕಳಿಸಿದಳು. ಅಲ್ಲಿಗೆ ಮುಗಿಯಿತು. ಆದರೆ ಮಣೆ ಮಾತ್ರ ವರ್ಷಕ್ಕೊಮ್ಮೆ ಹೋಗುವುದು ಬರುವುದು ನಿಲ್ಲಲಿಲ್ಲ. ಇಲ್ಲಿಂದ ನಮ್ಮ ಅವ್ವ ಹೋಗುತ್ತಿದ್ದಳು, ಅಲ್ಲಿಂದ ಮಾಬವ್ವನ ದೊಡ್ಡ ಮಗಳು ಬರುತ್ತಿದ್ದಳು. ಮುದುಕಿಯರಿಬ್ಬರು ಮಾತ್ರ ಎದುರಾದರೆ ಒಬ್ಬರು ಗೋಡೆ ನೋಡುತ್ತಿದ್ದರು, ಇನ್ನೊಬ್ಬರು ಮುಗಿಲು ನೋಡುತ್ತಿದ್ದರು.

ಆ ವರ್ಷದ ಸಂಕಟ ಬೇರೆಯದಿತ್ತು. ನಮ್ಮ ಶಾರದತ್ತಿ, ಅಪ್ಪನ ತಂಗಿ, ಹಿಂದಿನ ವರ್ಷ ಹತ್ತನೆಯ ಇಯತ್ತೆಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾಗಿದ್ದಳು. ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ವರ್ಗವಾಗಿ ಹೋದ ಮೇಲೆ ಆ ವರ್ಷ ಅರ್ಧ ಊರೇ ಫೇಲು. ಅತ್ತಿಯ ಆಸೆ ಕನ್ನಡ ಶಾಲೆಯ ಟೀಚರಾಗುವುದು. ಅಜ್ಜ ಹೆಚ್ಚು ಮಾತಾಡುವವರಲ್ಲ. ಊಟಕ್ಕೆ ಕೂತಾಗ ಒಮ್ಮೆ ಮಗಳಿಗೆ ಅಂದರು:

"ಇದೊಂದು ಸಲ ಬರಿ ತಂಗಿ. ಪಾಸಾದಿ, ಟ್ರೇನಿಂಗಿಗೆ ಕಳಸ್ತೀನಿ. ಇಲ್ಲಂದ್ರ ಹಿಟ್ನಾಳದವರು ಹೂಂ ಅನ್ರಿ ಅಂತ ಕುಂತಾರ. ನಾ ಮತ್ತ ಇಲ್ಲ ಅನ್ನಾಕಾಗಂಗಿಲ್ಲ."

ಹಿಟ್ನಾಳದ ವರನಿಗೆ ಎರಡು ಜೋಡಿ ಎತ್ತು, ಹೆದ್ದಾರಿ ದಂಡೆಗೆ ಹೊಲ. ಅತ್ತಿ ಅವನ ಬಗ್ಗೆ ಕೆಟ್ಟದ್ದೇನೂ ಹೇಳಲಿಲ್ಲ. ಮೂಲೆಯಲ್ಲಿ ಕೂತು ಪುಸ್ತಕ ತೆರೆದು, ಅದೇ ಪುಟ ನೋಡುತ್ತಿದ್ದಳು.

ಊರಲ್ಲಿ ಇಂಗ್ಲಿಷ್ ಬಲ್ಲ ಹೆಣ್ಣುಮಗಳು ಒಬ್ಬಳೇ. ಮಾಬವ್ವನ ಕಿರಿಮಗಳು ಮುಮ್ತಾಜ್. ಕೊಪ್ಪಳದಲ್ಲಿ ಬಿ.ಎ. ಓದುತ್ತಿದ್ದಳು, ಪರೀಕ್ಷೆಗೆ ಓದಿಕೊಳ್ಳಲೆಂದು ರಜೆ ಬಿಟ್ಟಿದ್ದರಿಂದ ಮನೆಯಲ್ಲಿದ್ದಳು. ಗೋಡೆಯ ಆಚೆಗೇ ಇದ್ದಳು. ಅತ್ತಿ ಒಂದು ಸಲ ಬಾಯಿಬಿಟ್ಟು ಕೇಳಿದಳು.

"ಅವ್ವಾ, ಮುಮ್ತಾಜನ ಕಡೆ ಒಂದ್ ತಾಸು ಹೋಗಿ ಬರ್ಲೇನು?"

"ಆ ಹೊಸ್ತಿಲ ತುಳಿ ನೋಡೂಣು," ಎಂದಳು ಆಯಿ. ಅಷ್ಟೇ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು.

ಮಣೆ ಆ ಸಲ ಮಾಬವ್ವನ ಮನೆಯಲ್ಲಿತ್ತು. ನಮ್ಮ ಅವ್ವ ಹೆರಿಗೆಗೆ ತವರಿಗೆ ಹೋಗಿದ್ದಳು. ಅವಳು ಕೂಸಿನ ಜೊತೆ ಬರುವುದರೊಳಗೆ ಶ್ಯಾವಿಗೆ ಆಗಬೇಕು. ಅಪ್ಪ ಹೋಗಿ ಕೇಳಿ, ಓಣಿಯ ಇನ್ನೊಬ್ಬರ ಜೊತೆ ಹೆಗಲ ಮೇಲೆ ಮಣೆ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದರು. ಮಾಬವ್ವನ ದೊಡ್ಡ ಮಗಳು ಮದುವೆಯಾಗಿ ಕುಷ್ಟಗಿಗೆ ಹೋಗಿದ್ದಳು. ಮಣೆಯ ಸಂಗಡ ಯಾರು ಬರುತ್ತಾರೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಹಿಂದೆ ಹಿಂದೆ, ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಮುಮ್ತಾಜ್ ಬಂದಳು.

"ಆಯಿ, ತೊಲಿ ಯಾವ ಕಡೆ ಮಾಡ್ಲಿರಿ?"

ಆಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ರೋಜಾ ಹಿಡದಿಯೇನು?"

"ಹೌದ್ರಿ."

"ಉಗುಳ ನುಂಗದ ಕೂಸನ್ನ ಕಳಿಸ್ಯಾರ. ಕುಂದ್ರು ಸುಮ್ನ, ಕಸುವು ಹಾಕಬ್ಯಾಡ. ಭಾರ ಸಾಲದಿದ್ರ ಗಿರಿಜಿ ಹತ್ತತಾಳ."

ಗಿರಿಜಿ ಎಂದರೆ ನಾನು. ಹಾಗೆ ನಾನೂ ಮುಮ್ತಾಜ್ ಅಕ್ಕನೂ ತೊಲೆಯ ಮೇಲೆ, ಶಾರದತ್ತಿ ಕೆಳಗೆ ಕೋಲು ಹಿಡಿದು, ಆಯಿ ಹಿಟ್ಟು ನಾದುತ್ತ. ಮೊದಲ ಮುದ್ದೆ ಇಳಿದು ಹಗ್ಗ ಸೇರಿತು. ಎರಡನೆಯದಕ್ಕೆ ಮುಮ್ತಾಜ್ ಮೆಲ್ಲಗೆ ಕೇಳಿದಳು.

"ಶಾರೂ, ಹ್ವಾದ ವರ್ಷ ಯಾವ ಪ್ರಶ್ನಿ ಬಿಟ್ಟಿ?"

ಅತ್ತಿ ಆಯಿಯ ಕಡೆ ಕಳ್ಳನೋಟ ನೋಡಿದಳು. ಆಯಿ ಹಿಟ್ಟು ನಾದುತ್ತಲೇ ಇದ್ದಳು. ಆ ಹೊಸ್ತಿಲು ತುಳಿಯಬೇಡ ಎಂದಿದ್ದಳೇ ಹೊರತು ಈ ಹೊಸ್ತಿಲೊಳಗೆ ಬಂದವಳ ಜೊತೆ ಮಾತಾಡಬೇಡ ಎಂದಿರಲಿಲ್ಲ.

"ಬಿಟ್ಟಿಲ್ಲ, ಬರದೀನಿ," ಅಂದಳು ಅತ್ತಿ. "ಒಂದು ಪಾಠದಾಗ ಒಬ್ಬ ಜೇಲಿನ ಸಾಹೇಬ ಅದಾನಲ್ಲ, ಅವನ ಸ್ವಭಾವ ಬರೀರಿ ಅಂತ ಬಂದಿತ್ತು. ಅಂವ ಕೆಟ್ಟ ಮನಿಷ್ಯಾ ಅದಾನ ಅಂತ ಇಂಗ್ಲಿಷ್‌ನ್ಯಾಗ ಬರದೆ. ಮುಂದ ಏನ್ ಬರೀಬೇಕು? ಕೆಟ್ಟಾಂವ ಅಂದ ಮ್ಯಾಲೆ ಮುಗೀತಲ್ಲ."

ಮುಮ್ತಾಜ್ ನಕ್ಕ ರಭಸಕ್ಕೆ ತೊಲೆ ಅಲುಗಿ ಎಳೆಗಳು ಹರಿದವು. ಆಯಿ ಗದರಿದಳು. ನಗು ತಡೆದುಕೊಂಡು ಮುಮ್ತಾಜ್ ಹೇಳಿದಳು: "ಕೆಟ್ಟ ಅಂದ್ರ ಏನೂ ಹೇಳಿದಂಗಾಗಲಿಲ್ಲ ಶಾರೂ. ಹೆಂಗ ಕೆಟ್ಟ? ಇಂಗ್ಲಿಷ್‌ನ್ಯಾಗ ಬಿರುಸು ಮಂದಿಗೆ ಒಂದ್ ಸಾಲು ಪದ ಅದಾವ. ಒಂದ ಪದ ಒಬ್ಬರಿಗೆ ಹೊಂದತೈತಿ, ಮತ್ತೊಬ್ಬರಿಗೆ ಹೊಂದಂಗಿಲ್ಲ. ನಮ್ಮ ಓಣ್ಯಾಗಿನ ಮಂದಿಗೆ ತೊಡಿಸಿ ನೋಡೂಣು ಬಾ."

ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಒಂದೊಂದು ಮುದ್ದೆಗೆ ಒಂದೊಂದು ಪದ ಇಳಿಯತೊಡಗಿತು. ಸ್ಟ್ರಿಕ್ಟ್ ಅಂದರೆ ನಮ್ಮ ಹೆಡ್ ಮಾಸ್ತರರು, ದಿನಾ ಉಗುರು ನೋಡುವವರು, ತಪ್ಪಿದ್ದರೆ ತಮ್ಮ ಮಗನಿಗೂ ಏಟು ಕೊಡುವವರು. ಸ್ಟರ್ನ್ ಅಂದರೆ ನಮ್ಮ ಅಜ್ಜ. ನಗುವುದಿಲ್ಲ, ಆದರೆ ಯಲಬುರ್ಗಾ ಸಂತೆಯಿಂದ ಬಂದ ದಿನ ನನ್ನ ದಿಂಬಿನ ಬದಿಗೆ ಕರವಸ್ತ್ರದಲ್ಲಿ ಕಟ್ಟಿದ ಬೆಂಡು ಬೆತ್ತಾಸು ಇರುತ್ತಿತ್ತು, ಯಾರಿಟ್ಟರೆಂದು ಯಾರೂ ಹೇಳುತ್ತಿರಲಿಲ್ಲ. ಹಾರ್ಶ್ ಅಂದರೆ ಬರಿಮೈಗೆ ಗೋಣಿತಟ್ಟು ಹಾಸಿದ ಹಾಗೆ. ಬಟ್ಟೆಯೂ ಹಾರ್ಶ್ ಇರಬಹುದು, ಮಾತೂ ಇರಬಹುದು. ಸಿವಿಯರ್ ಹಲ್ಲುನೋವಿಗೆ, ಬಿಸಿಲಿಗೆ, ಶಿಕ್ಷೆಗೆ. ರೂಥ್‌ಲೆಸ್ ಅಂದರೆ ಎದುರಿನವರು ಅತ್ತರೂ ಕೈ ನಡುಗದವರು. ಅಂಥವರು ನಮ್ಮ ಓಣಿಯಲ್ಲಿ ಯಾರೆಂದು ಬಹಳ ಹುಡುಕಿದೆವು, ಕೊನೆಗೆ ಕೋಳಿಮರಿ ಎತ್ತುವ ಹದ್ದಿಗೆ ಕೊಟ್ಟೆವು. ರಿಲೆಂಟ್‌ಲೆಸ್ ಯಾರೆಂದು ನಾನು ಮೂರು ಸಲ ಕೇಳಿದಾಗ ಮುಮ್ತಾಜ್ ಅಂದಳು:

"ನೀನ ಮತ್ತ. ಬಿಡಂಗ ಇಲ್ಲಲ್ಲ!"

ಇಂಗ್ಲಿಷಿನಲ್ಲಿ ನನಗೂ ಒಂದು ಪದ ಇದೆಯೆಂದು ನನಗೆ ಭಾರೀ ಸಂತೋಷವಾಯಿತು.

ಕೊನೆಯ ಪದ ಅನ್‌ಫರ್ಗಿವಿಂಗ್. ಮುಮ್ತಾಜ್ ಅದನ್ನು ಹೇಳುವ ಹೊತ್ತಿಗೆ ತೊಲೆ ಪೂರ್ತಿ ಕೆಳಗಿಳಿದು ನಿಂತಿತು.

"ಅಂದ್ರ?" ಎಂದಳು ಅತ್ತಿ.

"ಮಾಫ್ ಮಾಡದವರು."

"ಅದು ಯಾರು ಅಕ್ಕಾ?" ಎಂದೆ ನಾನು.

ಮುಮ್ತಾಜ್ ಆಯಿಯ ಕಡೆ ನೋಡಲಿಲ್ಲ. ನೋಡದಂತೆ ಎಚ್ಚರ ವಹಿಸಿದ್ದು ನನಗೂ ಕಂಡಿತು. "ಇದನ್ನ ಮನಿಷ್ಯಾರಿಗ ಅಂತಲ್ಲ, ನೆಲಕ್ಕೂ ಹೇಳ್ತಾರ. ಮಾಫ್ ಮಾಡದ ನೆಲ ಅಂತ ಬರೀತಾರ."

"ಅಯ್ಯ, ನೆಲ ಏನ್ ಮಾಫ್ ಮಾಡ್ತೈತಿ?" ಅತ್ತಿ ನಕ್ಕಳು.

ಅಷ್ಟು ಹೊತ್ತು ಕೇಳಿಸದವಳಂತೆ ಕೂತಿದ್ದ ಆಯಿ ಹಿಟ್ಟಿನ ಕೈ ಎತ್ತಿದಳು. "ಯಾಕ ಇಲ್ಲ? ಕರಿ ಮಣ್ಣಿನ ಎರಿ ಹೊಲ ಹಸಿ ಇದ್ದಾಗ ಕಾಲಿಟ್ಟು ನೋಡು. ತುಳದ ಜಾಗಾ ಕಲ್ಲಾಗತೈತಿ. ಮುಂದ ಎಷ್ಟು ಸಲ ಹರಗಿದ್ರೂ ಅಲ್ಲೆ ಹೆಂಟಿನ ಏಳತೈತಿ. ತುಳದಾಂವ ಮರತಿರ್ತಾನ, ಹೊಲ ಮರಿಯಂಗಿಲ್ಲ."

ಮುಮ್ತಾಜ್ ಮೆಲ್ಲಗೆ, "ಶಾರೂ, ಇದನ್ನ ಬರಕೊ," ಎಂದಳು.

ಮರುದಿನ ಶಾಲೆಯಿಂದ ಬಂದಾಗ ಆಯಿ ಮಾಡಿನ ನೆರಳಲ್ಲಿ ಮೊರ ಹಿಡಿದು ಗೋಧಿ ಹಸನು ಮಾಡುತ್ತಿದ್ದಳು. ನನ್ನನ್ನು ಕರೆದು ಕೂರಿಸಿಕೊಂಡಳು.

"ನಿನ್ನೆ ಆ ಹುಡುಗಿ ಸಾಲಾಗಿ ಹೇಳಿದ್ಲಲ್ಲ, ಬಿರುಸು ಮಂದಿದು. ಒಂದೊಂದ ಹೇಳು. ನನಗ ಯಾವ್ದು ಬರ್ತೈತಿ ನೋಡೂಣು."

ಬಳೆಗಾರನ ಮುಂದೆ ಕೈಚಾಚಿ ಕೂತಂತೆ ಕೂತಿದ್ದಳು. ನಾನು ಶುರುಮಾಡಿದೆ.

"ಸ್ಟ್ರಿಕ್ಟ್."

"ಅದು ಮಾಸ್ತರಗ ಕೊಟ್ಟೀರಿ. ಮುಂದ."

"ಸ್ಟರ್ನ್. ಅಜ್ಜ."

ಆಯಿ ಸೆರಗಿನಲ್ಲಿ ನಕ್ಕಳು. "ಹೌದ ನೋಡು. ನಗು ಬಂದ್ರೂ ಮೀಸ್ಯಾಗ ಮುಚ್ಚಿ ಇಡ್ತಾರ. ಮುಂದ."

"ಹಾರ್ಶ್."

"ಗೋಣಿತಟ್ಟಿಂದು. ಇದು ನನಗ ಬರ್ತೈತಿ, ಇರಲಿ. ನನ್ನ ಬಾಯಿ ಹಂಗ ಐತಿ, ನಿಮ್ಮಜ್ಜನ ಕೇಳು."

"ರೂಥ್‌ಲೆಸ್."

"ಹದ್ದಿಂದು. ಬ್ಯಾಡ. ಕರಕ್ಕ ಹಾಲು ಬಿಡದಂಗ ಎಮ್ಮಿ ಹಿಂಡಿದಾಕಿ ಅಲ್ಲ ನಾನು."

"ಅನ್‌ಫರ್ಗಿವಿಂಗ್."

ಮೊರದ ಮೇಲೆ ಕೈ ನಿಂತಿತು. "ಅದು ನೆಲದ್ದು."

"ಮನಿಷ್ಯಾರಿಗೂ ಹೇಳ್ತಾರಂತ ಆಯಿ."

"ಯಾರಿಗಂತ?"

"ಮುಮ್ತಾಜಕ್ಕ ಹೇಳಲಿಲ್ಲ."

"ಹೇಳಾಕ ಏನಾಗಿತ್ತು? ನಾ ಏನ್ ತಿಂತಿದ್ನ?" ಒಂದು ಕಲ್ಲು ಆರಿಸಿ ದೂರ ಎಸೆದಳು. ಆಮೇಲೆ ನನಗಲ್ಲ, ಗೋಧಿಗೆ ಹೇಳುವವಳಂತೆ ಹೇಳಿದಳು: "ತಪ್ಪಾತು, ಹೊಟ್ಟ್ಯಾಗ ಹಾಕ್ಕೋ ಅಂತ ಬಂದು ಒಂದ್ ಮಾತು ಅಂದಿದ್ರ ಹಾಕ್ಕೋತಿದ್ನಿ. ಶ್ಯಾವಿಗಿ ಯಾರಿಗೆ ಬೇಕಾಗಿತ್ತು? ತಾಟು ಕಳಿಸಿದ್ಲು. ಕೇಳಾಕ ಬರದವರಿಗೆ ನಾನಾಗಿ ಹೋಗಿ ಹೆಂಗ ಕೊಡ್ಲಿ?"

ನನಗೆ ಆಗ ಅದು ಹೊಸ ವಿಚಾರ. ಮಾಫಿ ಎನ್ನುವುದು ಕೇಳಿದರೆ ಮಾತ್ರ ಕೊಡಲು ಬರುವಂಥದ್ದು, ಕೇಳದೆ ಇದ್ದರೆ ಕೊಡುವವರ ಕೈಯಲ್ಲೇ ಉಳಿದು ಭಾರವಾಗುವಂಥದ್ದು ಎಂದು ಆವತ್ತಿನವರೆಗೆ ಯಾರೂ ಹೇಳಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ಕ್ಷಮೆ ಎಂಬ ಪದವಿತ್ತು. ಆದರೆ ನಮ್ಮ ಓಣಿಯಲ್ಲಿ ಅದನ್ನು ಬಾಯಲ್ಲಿ ಆಡಿದವರನ್ನು ನಾನು ಕೇಳಿರಲಿಲ್ಲ.

ನಮ್ಮ ಮನೆಗೆ ಶ್ಯಾವಿಗೆ ನಾಲ್ಕೈದು ದಿನದ ಕೆಲಸ. ಆ ವರ್ಷ ವಾರ ಕಳೆಯಿತು, ಮುಗಿಯಲಿಲ್ಲ. ಹಗ್ಗ ತುಂಬಿತು. ಬಾಗಿಲ ಮೇಲೆ, ಏಣಿಯ ಮೇಲೆ, ಅಜ್ಜನ ಕೊಡೆಯ ಕೋಲಿನ ಮೇಲೂ ಶ್ಯಾವಿಗೆ. ಒಣಗಿದ್ದನ್ನು ಗಡಿಗೆಗಳಿಗೆ ತುಂಬಿದೆವು, ಗಡಿಗೆ ತೀರಿ ಬುಟ್ಟಿಗೆ ತುಂಬಿದೆವು. ದಿನಾ ಸಂಜೆ ಮುಮ್ತಾಜ್ ಉಪವಾಸ ಬಿಡಲು ಮನೆಗೆ ಹೊರಟ ಮೇಲೆ ಆಯಿ ಮತ್ತೊಂದು ಸೇರು ಗೋಧಿ ನೆನೆಹಾಕುತ್ತಿದ್ದಳು. ಅಜ್ಜ ಒಮ್ಮೆ ತಲೆಗೆ ತಾಗಿದ ಎಳೆಗಳನ್ನು ಸರಿಸುತ್ತ ಕೇಳಿದರು:

"ಮನ್ಯಾಗ ಮದವಿ ಐತೇನು?"

"ಬಾಣಂತಿ ಬರ್ತಾಳ," ಎಂದಳು ಆಯಿ.

"ಒಬ್ಬ ಬಾಣಂತಿಯೋ, ಊರಾಗಿನವರೆಲ್ಲಾರೋ?"

ಆಯಿ ನೆನೆಹಾಕಿದ ಗೋಧಿಗೆ ಇನ್ನಷ್ಟು ನೀರು ಸುರಿದಳು. ಅತ್ತ ಅತ್ತಿ ಕೋಲು ಹಿಡಿದೇ ಜೇಲಿನ ಸಾಹೇಬನ ಬಗ್ಗೆ ಎಂಟು ವಾಕ್ಯ ಹೇಳುವಷ್ಟಾಗಿದ್ದಳು. ಪಾಠಗಳು, ಪದ್ಯ, ಪತ್ರ ಬರೆಯುವುದು, ಎಲ್ಲವೂ ಹಿಟ್ಟಿನ ಮುದ್ದೆಯ ಲೆಕ್ಕದಲ್ಲೇ ನಡೆದವು. ಮುಮ್ತಾಜಳ ತುಟಿ ಒಣಗಿ ಬಿಳಿಚಿಕೊಂಡಿದ್ದರೂ ಆಕೆ ನಿಲ್ಲಿಸುತ್ತಿರಲಿಲ್ಲ. ಆಯಿಯೇ, "ಸಾಕು, ಇನ್ನ ಬಾಯಿ ಮುಚ್ಚಿ ಕುಂದ್ರು, ಗಂಟಲ ಆರತೈತಿ," ಎಂದು ಗದರಿಸುತ್ತಿದ್ದಳು.

ಇದರ ನಡುವೆ ಒಂದು ದಿನ ಮಾಬವ್ವ ತನ್ನ ಕಟ್ಟೆಯ ಮೇಲಿಂದ ನನ್ನನ್ನು ಕರೆದಳು. ಮಂಡಿನೋವಿನ ಹೆಂಗಸು, ಎರಡೂ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಜಪದ ಮಣಿಸರ.

"ಗಿರಿಜಾ, ನಿಮ್ಮನಿ ಶ್ಯಾವಿಗಿ ಮುಗೀತೇನ?"

"ಇಲ್ಲ. ಆಯಿ ಮತ್ತ ಗೋಧಿ ನೆನಿ ಹಾಕ್ಯಾಳ."

"ಮತ್ತ?" ಮಾಬವ್ವ ಮುಗಿಲು ನೋಡಿದಳು. ರಂಜಾನ್ ತಿಂಗಳು ಅರ್ಧ ದಾಟಿತ್ತು. ಅವರ ಮನೆಯ ಶ್ಯಾವಿಗೆ ಇನ್ನೂ ಆಗಿರಲಿಲ್ಲ, ಮಣೆ ನಮ್ಮಲ್ಲೇ ಇತ್ತು. "ಶಾರದಾನ ಇಂಗ್ಲಿಷ್ ಪರೀಕ್ಷಾ ಎಂದೈತಿ?"

"ಬರೂ ಸೋಮವಾರ."

"ಹಂಗಾರ ಸೋಮವಾರದ ತನಕ ಮುಗಿಯಂಗಿಲ್ಲ ಬಿಡು ನಿಮ್ಮಾಯಿ ಶ್ಯಾವಿಗಿ." ಮಣಿಸರ ಒಂದು ಸುತ್ತು ಸರಿಸಿದಳು. "ಇರಲಿ. ಹಬ್ಬಕ್ಕ ಇನ್ನ ದಿನ ಅದಾವ."

ನನಗೆ ಸುಮ್ಮನಿರಲಾಗಲಿಲ್ಲ. "ನೀನ್ಯಾಕ ಅವತ್ತು ಬಂದು ತಪ್ಪಾತು ಅನ್ನಲಿಲ್ಲ?"

ಮಾಬವ್ವ ನನ್ನ ಮುಖ ನೋಡಿದಳು. ಸಿಟ್ಟಾಗಲಿಲ್ಲ. "ನಾಚಿಕಿ ಬಂತವ್ವ. ಎಲ್ಲಾ ಎತ್ತಬೇಕಂದೆ, ನನ್ನವ ಎತ್ತೂದ್ರಾಗ ಜಡದು ಸುರೀತು. ಹೆಂಗ ಮಾರಿ ತೋರಿಸ್ಲಿ ಅಂತ ತಾಟು ಕಳಿಸಿದೆ. ಮೂವತ್ತು ವರ್ಷ ಒಬ್ಬರ ತಾಟಿನ್ಯಾಗ ಒಬ್ಬರು ಉಂಡೀವಿ. ಆ ತಾಟು ಹೋದಂಗ ತಿರುಗಿ ಬಂದ್ರ ಓಣ್ಯಾಗ ಮಂದಿ ಏನ ತಿಳಕೋತಾರ? ನನ್ನ ಕೈದು ಅಕಿಗೆ ಬ್ಯಾಡಾತು ಅಂತಲ್ಲ? ಅದನ್ನ ನಾನೂ ಮರಿಯಂಗಿಲ್ಲ. ಹೇಳು ಬೇಕಾರ ನಿಮ್ಮಾಯಿಗೆ."

ನಾನು ಹೇಳಿದೆ. ಆಯಿ ಕೇಳಿಸಿಕೊಂಡಳು. "ಜಡದು ಬಂತಂತೇನು?" ಎಂದಷ್ಟೇ ಕೇಳಿ ಒಲೆಗೆ ಕಟ್ಟಿಗೆ ನೂಕಿದಳು. ಅನ್‌ಫರ್ಗಿವಿಂಗ್ ಎಂಬ ಆ ಪದ ಅವಳಿಗೂ ಮಾಬವ್ವನಿಗೂ ಒಂದೇ ಅಳತೆಗೆ ಕೂರುತ್ತದಲ್ಲ ಎಂದು ನನಗೆ ಅನಿಸಿತು. ಹಾಗಾದರೆ ಮಣೆ ಹೇಗೆ ಹೋಗಿ ಬಂದು ಮಾಡುತ್ತದೆ, ಹಬ್ಬ ಮುಂದಿಟ್ಟುಕೊಂಡು ಒಬ್ಬಾಕೆ ಹೇಗೆ ಸುಮ್ಮನಿದ್ದಾಳೆ ಎಂಬುದು ಮಾತ್ರ ಬಗೆಹರಿಯಲಿಲ್ಲ.

ಸೋಮವಾರ ಬಂತು. ಅತ್ತಿ ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆರಳು ಹಾಕಿಕೊಂಡು, ಅಜ್ಜನ ಜೊತೆ ಮೊದಲ ಬಸ್ಸಿಗೆ ಯಲಬುರ್ಗಾಕ್ಕೆ ಹೋದಳು. ಆಯಿ ಹಿಂದಿನ ಸಂಜೆ ಗೋಧಿ ನೆನೆಹಾಕಿರಲಿಲ್ಲ. ಅಪ್ಪನಿಗೆ ಹೇಳಿ ಮಣೆ ತೊಳೆಸಿ, ಬಿಲ್ಲೆಗೆ ಎಣ್ಣೆ ಹಚ್ಚಿಸಿ, ನಾನು ಶಾಲೆಯಿಂದ ಬರುವ ಹೊತ್ತಿಗೆ ಮಾಬವ್ವನ ಮನೆಗೆ ಹೊರಿಸಿ ಕಳಿಸಿಯಾಗಿತ್ತು. ಅಪ್ಪ ಮಣೆ ಇಳಿಸಿ ಹೊಲಕ್ಕೆ ಹೋದರು.

ಆಗ ಹೊಳೆಯಿತು. ಮಣೆಯ ಸಂಗಡ ಹೋಗುವವರು ಯಾರು? ಅವ್ವ ತವರಲ್ಲಿ, ಅತ್ತಿ ಪರೀಕ್ಷೆಯಲ್ಲಿ.

"ನಾ ಹೋಗ್ತೀನಿ ಆಯಿ," ಎಂದೆ.

"ನೀ ಎಷ್ಟ ಭಾರ ಅದಿ? ನೀ ಕುಂತ್ರ ಒಂದ್ ಎಳಿ ಹೊರಗ ಬರಂಗಿಲ್ಲ."

"ಮುಮ್ತಾಜಕ್ಕ ಅದಾಳಲ್ಲ, ಅವರ ಮನ್ಯಾಗ."

"ಆ ಹುಡುಗಿ ತನ್ನ ಓದು ಬಿಟ್ಟು ಇಷ್ಟ ದಿನ ನಮ್ಮ ತೊಲಿ ಮ್ಯಾಲೆ ಕುಂತಾಳ. ನಾಡದು ಅಕಿದು ಪರೀಕ್ಷಾ. ಇನ್ನ ಅಕಿನ್ನ ಎಬ್ಬಸ್ತಾರೇನು?"

ಆಯಿ ಕೈಕಾಲು ತೊಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಆಮೇಲೆ, ನೀರಿಗೆ ಹೋಗುವವಳ ಹಾಗೆ ನೆಲ ನೋಡುತ್ತ, ನಡೆದೇಬಿಟ್ಟಳು. ನಾನು ಓಡುತ್ತ ಹಿಂದೆ ಹೋದೆ.

ಮಾಬವ್ವ ಹಿಟ್ಟು ನಾದಿಟ್ಟುಕೊಂಡು ಮಣೆಯ ಪಕ್ಕ ಕೂತಿದ್ದಳು. ಕೂಲಿಗೆ ಯಾರನ್ನಾದರೂ ಕಳಿಸುತ್ತಾರೆಂದು ತಿಳಿದಿದ್ದಳೋ ಏನೋ, ಬಾಗಿಲಲ್ಲಿ ಆಯಿಯನ್ನು ಕಂಡವಳು ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಡುವುದನ್ನೂ ಮರೆತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಗಿರಿಜಾ, ನಿಮ್ಮಾಯಿಗೆ ಚಾಪಿ ಹಾಕು."

"ನಾ ಕುಂದ್ರಾಕ ಬಂದಿಲ್ಲ ಅಂತ ಹೇಳು," ಎಂದಳು ಆಯಿ, ನನಗೆ. ಹೇಳುತ್ತಲೇ ತೊಲೆಯ ಮೇಲೆ ಕೂತಳು.

ಮೊದಲ ಮುದ್ದೆ ಹಾಕಿದರು. ಆಯಿ ಭಾರ ಬಿಟ್ಟಳು. ಎಳೆ ಇಳಿಯಲಿಲ್ಲ.

"ಹಿಟ್ಟು ಬಿರುಸಾಗೇತಿ. ಒಂದ್ ಚೂರು ನೀರು ಹಾಕಿ ನಾದಬೇಕು ಅಂತ ಹೇಳು."

"ನಲವತ್ತು ವರ್ಷದಿಂದ ನಾ ಹಿಂಗ ನಾದತೀನಿ ಅಂತ ಹೇಳು."

"ನಲವತ್ತು ವರ್ಷದಿಂದನೂ ಬಿರುಸ ಐತಿ ಅಂತ ಹೇಳು."

ಇಬ್ಬರಿಗೂ ಕೇಳಿಸಿದ್ದನ್ನು ನಾನು ಇಬ್ಬರಿಗೂ ಮತ್ತೊಮ್ಮೆ ಹೇಳುತ್ತಿದ್ದೆ. ಮಾಬವ್ವ ಹುಬ್ಬು ಗಂಟಿಕ್ಕಿಕೊಂಡೇ ಹಿಟ್ಟಿಗೆ ನೀರು ಚಿಮುಕಿಸಿ ಇನ್ನೊಮ್ಮೆ ನಾದಿದಳು. ಈ ಸಲ ಎಳೆ ನವಿರಾಗಿ ಇಳಿಯಿತು. ಒಳಕೋಣೆಯಿಂದ ಮುಮ್ತಾಜ್ ಗುಣುಗುಣು ಓದುವುದು ಕೇಳುತ್ತಿತ್ತು. ನನ್ನ ದನಿ ಏರಿದಾಗ ಮುದುಕಿಯರಿಬ್ಬರೂ ಒಟ್ಟಿಗೇ "ಶ್!" ಎಂದರು. ಎಂದು ಒಬ್ಬರನ್ನೊಬ್ಬರು ನೋಡಿ, ತಟ್ಟನೆ ಒಬ್ಬರು ಗೋಡೆಯ ಕಡೆ, ಒಬ್ಬರು ಮಾಡಿನ ಕಡೆ ತಿರುಗಿದರು.

ಆ ಮಧ್ಯಾಹ್ನವೆಲ್ಲ ಹಾಗೇ ನಡೆಯಿತು. ಮಾಬವ್ವನ ಮಂಡಿಗೆ ಏಳಲು ಆಗುತ್ತಿರಲಿಲ್ಲ, ತುಂಬಿದ ಕೋಲನ್ನು ಹಗ್ಗಕ್ಕೆ ಸಾಗಿಸುವುದು ನನ್ನ ಕೆಲಸ. ಮೇಲಿನಿಂದ ಆಯಿಯ ಭಾರ, ಕೆಳಗೆ ಮಾಬವ್ವನ ಕೋಲು. ಒಬ್ಬರ ಹದ ಒಬ್ಬರಿಗೆ ಎಷ್ಟು ಗೊತ್ತಿತ್ತೆಂದರೆ ಮಾಬವ್ವ ಕೋಲು ಬದಲಿಸುವ ಹೊತ್ತಿಗೆ ಆಯಿ ತಾನಾಗಿ ತಡೆಯುತ್ತಿದ್ದಳು. ಒಂದು ಎಳೆಯೂ ನೆಲಕ್ಕೆ ಬೀಳಲಿಲ್ಲ. ನೆರಳು ಕಟ್ಟೆ ದಾಟಿದಾಗ ಹಿಟ್ಟು ತೀರಿತು. ಆಯಿ ಎದ್ದಳು. ಹೋಗಿ ಬರುತ್ತೇನೆ ಎನ್ನಲಿಲ್ಲ, ಮಾಬವ್ವ ಬಾ ಎನ್ನಲಿಲ್ಲ. "ನಾಳೆ ಹಿಟ್ಟು ಸಡಲ ನಾದಬೇಕು ಅಂತ ಹೇಳು," ಎಂದಳು ಆಯಿ ಹೊಸ್ತಿಲು ದಾಟುತ್ತ. "ನಾಳೆ ಲಗೂನ ಬಾ ಅಂತ ಹೇಳು," ಎಂದಳು ಮಾಬವ್ವ.

ಮೂರು ದಿನ ಆಯಿ ಹೋದಳು. ಹಬ್ಬಕ್ಕೆ ಆ ಮನೆಯಲ್ಲಿ ಶ್ಯಾವಿಗೆ ಕಡಿಮೆಯಾಗಲಿಲ್ಲ. ಆದರೆ ಅವರಿಬ್ಬರೂ ನೇರ ಮಾತಾಡಿದ್ದನ್ನು ನಾನು ಆಗಲೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಕೊನೆಯವರೆಗೆ ಮಕ್ಕಳ ಬಾಯಿಂದಲೇ ನಡೆಯಿತು. ನಾನು ದೊಡ್ಡವಳಾದ ಮೇಲೆ ನನ್ನ ತಮ್ಮ ಆ ಕೆಲಸಕ್ಕೆ ನಿಂತ. ಮಾಫ್ ಮಾಡದೆಯೂ ಬಂದು ತೊಲೆಯ ಮೇಲೆ ಕೂರುವವರಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಮುಮ್ತಾಜಳನ್ನು ಕೇಳಿದ್ದೆ. ಅವಳು ಬಹಳ ಹೊತ್ತು ಯೋಚಿಸಿ, "ನಾ ಓದಿದ್ದ ಪುಸ್ತಕದಾಗ ಸಿಕ್ಕಿಲ್ಲ ನೋಡು, ಸಿಕ್ಕರ ಹೇಳ್ತೀನಿ," ಎಂದಳು. ಈಗ ಗಂಗಾವತಿಯ ಕಡೆ ಇದ್ದಾಳೆ, ಲೆಕ್ಚರರ್ ಆಗಿ ಇನ್ನೇನು ನಿವೃತ್ತಿಯ ಹತ್ತಿರ. ಫೋನು ಮಾಡಿದಾಗೆಲ್ಲ ಕೇಳುತ್ತೇನೆ. ಇನ್ನೂ ಸಿಕ್ಕಿಲ್ಲವಂತೆ.

ಶಾರದತ್ತಿ ಪಾಸಾದಳು. ಬಹಳ ಅಂಕವೇನಲ್ಲ, ದಾಟುವಷ್ಟು. ಅಜ್ಜ ಹಿಟ್ನಾಳಕ್ಕೆ ಹೋಗಿ ಇಲ್ಲವೆಂದು ಹೇಳಿ ಬಂದರು. ಅತ್ತಿ ಎಷ್ಟೋ ಊರುಗಳ ಕನ್ನಡ ಶಾಲೆಗಳಲ್ಲಿ ಕಲಿಸಿದಳು.

ಈಗ ಶ್ಯಾವಿಗೆ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ, ಬೇಕೆಂದ ದಿನ ತರುತ್ತೇವೆ. ಮಾಳಿಗೆಗಳು ಹೋಗಿ ಆರ್‌ಸಿಸಿ ಮನೆಗಳಾದವು, ನಡುವೆ ಎತ್ತರದ ಗೋಡೆಗಳೆದ್ದವು. ಸಾರಿ ಎಂಬ ಪದ ಎಲ್ಲರ ಬಾಯಲ್ಲೂ ಇದೆ, ಕಾಲು ತಾಗಿದರೂ ಸಾರಿ, ಫೋನು ಎತ್ತದಿದ್ದರೂ ಸಾರಿ. ಕೇಳುವುದೂ ಸಲೀಸು, ಕೊಡುವುದೂ ಸಲೀಸು. ಆದರೆ ನಮ್ಮ ಓಣಿಯಲ್ಲಿ ಈಗ ಮಾತು ಬಿಟ್ಟರೆಂದರೆ ಪೂರ್ತಿ ಬಿಟ್ಟ ಹಾಗೆಯೇ. ಒಂದು ಮನೆಯ ಹಬ್ಬಕ್ಕೆ ಇನ್ನೊಂದು ಮನೆಯ ಮೈಭಾರ ಬೇಕಾಗುವಂಥದ್ದು ಏನೂ ಉಳಿದಿಲ್ಲ. ಹಾಗಾಗಿ ಸಿಟ್ಟು ಬಂದವರಿಗೆ ಸಿಟ್ಟಿನ ಹೊರತು ಮಾಡಲು ಬೇರೆ ಕೆಲಸವಿಲ್ಲ.

ಆ ಸೋಮವಾರ ಅತ್ತಿ ಮತ್ತು ಅಜ್ಜ ದೀಪ ಹಚ್ಚುವ ಹೊತ್ತಿಗೆ ಬಸ್ಸಿಳಿದು ಬಂದರು. ಜೇಲಿನ ಸಾಹೇಬನ ಪ್ರಶ್ನೆ ಬಂದಿರಲಿಲ್ಲ. ಅವನಿಗಿಂತ ಒಳ್ಳೆಯ ಒಬ್ಬ ವೈದ್ಯನ ಬಗ್ಗೆ ಕೇಳಿದ್ದರಂತೆ. ಅತ್ತಿ ಅವನ ಬಗ್ಗೆಯೂ ಎಂಟು ವಾಕ್ಯ ಬರೆದು ಬಂದಿದ್ದಳು, ಒಳ್ಳೆಯವನು ಎಂಬ ಒಂದೇ ಪದಕ್ಕೆ ನಿಲ್ಲಿಸಿರಲಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಮುಳಗಾಯಿ ಎಣಗಾಯಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಬುಟ್ಟಿಗಟ್ಟಲೆ ಶ್ಯಾವಿಗೆ ಇದ್ದರೂ ಪಾಯಸ ಮಾಡೋಣವೆಂದು ಯಾರೂ ಅನ್ನಲಿಲ್ಲ, ಅದರ ಮುಖ ನೋಡಿ ನೋಡಿ ಸಾಕಾಗಿತ್ತು. ಅಜ್ಜ ಎಲೆಯಡಿಕೆ ಹಾಕಿಕೊಂಡರು. ಅತ್ತಿ ಬಸ್ಸಿನಲ್ಲಿ ಕಂಡದ್ದು, ಪರೀಕ್ಷೆಯ ಕೋಣೆಯಲ್ಲಿ ಕಂಡದ್ದು ಹೇಳುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ. ಎಲ್ಲರೂ ಮಲಗಿದ ಮೇಲೆ ಎಮ್ಮೆಯ ಕಣ್ಣಿ ನೋಡಿ, ಅಗಳಿ ಹಾಕಿ, ಕೊನೆಗೆ ಮಲಗುತ್ತಿದ್ದವಳು ಆಯಿ. ಆ ದಿನ ಅವಳೇ ಮೊದಲು ಮಲಗಿದಳು. ಅಂಗಳದಲ್ಲಿ, ಕೌದಿಯನ್ನೂ ಬಿಚ್ಚದೆ, ಎರಡು ಕೈ ತಲೆಯ ಕೆಳಗಿಟ್ಟುಕೊಂಡು, ಅತ್ತಿಯ ಮಾತಿನ ನಡುವೆಯೇ.